ಮಾವಿನ ಬುಡದಲ್ಲಿ ಒದ್ದೆ ಹೊಟ್ಟು ಕಂಡರೆ: ಕಾಂಡಕೊರಕವನ್ನು ಹಿಡಿಯುವ ಬಗೆ

ಎಲೆ ಹಳದಿಯಾದ ಮೇಲೆ ಔಷಧಿ ಹುಡುಕಿಕೊಂಡು ಹೊರಡುವವರೇ ಹೆಚ್ಚು. ಮಾವಿನ ಕಾಂಡಕೊರಕದ ವಿಷಯದಲ್ಲಿ ಅಷ್ಟರೊಳಗೆ ಹುಳು ತೊಗಟೆಯಡಿ ನಾಲ್ಕೈದು ತಿಂಗಳು ಉಂಡು ಕೊಬ್ಬಿರುತ್ತದೆ. ಮರ ಅದಕ್ಕಿಂತ ಎಷ್ಟೋ ಮೊದಲೇ ಸುಳಿವು ಕೊಟ್ಟಿರುತ್ತದೆ: ಬುಡದ ಮಣ್ಣಿನ ಮೇಲೋ ತೊಗಟೆಯ ಬಿರುಕಿನಲ್ಲೋ ಒಂದು ಚಿಟಿಕೆ, ಆಮೇಲೆ ಒಂದು ಹಿಡಿ ಒದ್ದೆ ಹೊಟ್ಟು. ಬೆಂಗಳೂರಿನ ಕಾಂಪೌಂಡುಗಳಲ್ಲಿ ಈ ಸುಳಿವು ಉಳಿಯುವುದೇ ಇಲ್ಲ, ಬೆಳಗ್ಗೆ ಏಳಕ್ಕೆಲ್ಲ ಗುಡಿಸಿಹೋಗಿರುತ್ತದೆ. ಹಾಗಾಗಿ ಮೊದಲ ಕೆಲಸ ಗುಡಿಸುವವರಿಗೆ ಹೇಳಿಡುವುದು: ಮರದ ಬುಡದಲ್ಲಿ ಗರಗಸದ ಪುಡಿಯಂಥದ್ದು ಬಿದ್ದಿದ್ದರೆ ಗುಡಿಸುವ ಮುಂಚೆ ಕರೆಯಿರಿ.

ಹುಳು ಯಾವುದು, ಯಾವಾಗ ಬರುತ್ತದೆ

ಇದು ಬಟೊಸೆರಾ ರುಫೊಮ್ಯಾಕುಲೇಟಾ ಎಂಬ ಉದ್ದ ಮೀಸೆಯ ದುಂಬಿಯ ಮರಿ. ದುಂಬಿ ಮೂರೂವರೆಯಿಂದ ಐದು ಸೆಂಟಿಮೀಟರ್ ಉದ್ದ, ಬೂದು ಬೆರೆತ ಕಂದು ಬಣ್ಣ. ಕತ್ತಿನ ಮೇಲೆ ಗೋಡಂಬಿ ಆಕಾರದ ಎರಡು ಕಿತ್ತಳೆ ಮಚ್ಚೆ, ಬೆನ್ನಿನ ಮೇಲೆ ಇನ್ನಷ್ಟು ಹಳದಿ ಚುಕ್ಕೆ. ಮೀಸೆ ಮೈಯಷ್ಟೇ ಉದ್ದ, ಕೆಲವೊಮ್ಮೆ ಇನ್ನೂ ಹೆಚ್ಚು. ಮಾವಲ್ಲದೆ ಹಲಸು, ಅಂಜೂರ, ಅತ್ತಿ, ಬೂರುಗ, ನುಗ್ಗೆಯನ್ನೂ ಇದು ಬಿಡುವುದಿಲ್ಲ. ನಮ್ಮ ಕಡೆಯದೇ ಹುಳು; ಆದರೆ ಹೊರಗಿನಿಂದ ಇಸ್ರೇಲಿಗೆ ಹೊಕ್ಕು ಅಲ್ಲಿನ ಅಂಜೂರದ ಮರಗಳನ್ನು ಕೊಲ್ಲುತ್ತಿರುವ ಆಕ್ರಮಣಕಾರಿ ಕೀಟವೂ ಇದೇ. ಹೊರಗೆ ಹೋದಲ್ಲಿ ಹಾವಳಿ, ತವರಲ್ಲಿ ಸಾಧು ಎಂದೇನಿಲ್ಲ. ಬಳಲಿದ ಮರ ಸಿಕ್ಕರೆ ಇಲ್ಲೂ ಅದೇ ಕಥೆ.

ಮುಂಗಾರಿನ ಜೊತೆಗೇ ದುಂಬಿಗಳು ಹೊರಬರುತ್ತವೆ. ಬೆಂಗಳೂರಿನ ಲೆಕ್ಕದಲ್ಲಿ ರೋಹಿಣಿ, ಮೃಗಶಿರ ಮಳೆಯ ಕಾಲ, ಅಂದರೆ ಮೇ ಕೊನೆಯ ವಾರದಿಂದ ಜೂನ್ ಪೂರ್ತಿ, ಕೆಲವು ಜುಲೈವರೆಗೂ. ರಾತ್ರಿ ಎಳೆ ರೆಂಬೆಯ ತೊಗಟೆ ಮೆಲ್ಲುತ್ತವೆ, ದೀಪಕ್ಕೂ ಬರುತ್ತವೆ. ಹೆಣ್ಣು ಕಾಂಡದ ತೊಗಟೆಯನ್ನು ಕಚ್ಚಿ ಸೀಳಿ, ಸೀಳಿಗೊಂದರಂತೆ ಮೊಟ್ಟೆ ಇಡುತ್ತದೆ. ಒಂದೊಂದು ಹೆಣ್ಣು 200 ಮೊಟ್ಟೆಯವರೆಗೂ ಇಡಬಲ್ಲದು. ಒಂದೆರಡು ವಾರಕ್ಕೆ ಮರಿ ಒಡೆದು ತೊಗಟೆಯಡಿ ಹೊಕ್ಕು, ಬರಬರುತ್ತಾ ಮರದೊಳಕ್ಕೆ ಇಳಿಯುತ್ತದೆ. ಕಾಲಿಲ್ಲದ, ಕೆನೆ ಬಣ್ಣದ, ಕಪ್ಪು ತಲೆಯ ಹುಳು. ಬಲಿತಾಗ 8ರಿಂದ 10 ಸೆಂಟಿಮೀಟರ್ ಉದ್ದ, ಹೆಬ್ಬೆರಳ ದಪ್ಪ. ಸುರಂಗದೊಳಗೇ ಕೋಶವಾಗಿ ಮುಂದಿನ ಮುಂಗಾರಿಗೆ ಹೊರಬರುತ್ತದೆ. ವರ್ಷಕ್ಕೊಂದೇ ತಲೆಮಾರು. ನಮಗಿರುವ ದೊಡ್ಡ ಅನುಕೂಲ ಇದೇ: ಒಂದು ಹುಳು ತೆಗೆದರೆ ಒಂದಿಡೀ ವರ್ಷದ ಸಂತಾನ ತಪ್ಪುತ್ತದೆ.

ಹಾಗಾದರೆ ನೋಡಬೇಕಾದದ್ದು ಯಾವಾಗ? ಆಶ್ಲೇಷ ಮಳೆ ಶುರುವಾಗುವ ಆಗಸ್ಟ್ ಮೊದಲ ವಾರದಿಂದ ನವೆಂಬರ್ ಕೊನೆಯವರೆಗೆ ಹದಿನೈದು ದಿನಕ್ಕೊಮ್ಮೆ. ಉಳಿದ ಕಾಲದಲ್ಲಿ ತಿಂಗಳಿಗೊಮ್ಮೆ ಸಾಕು. ಆಗಸ್ಟಿನಲ್ಲಿ ಹುಳು ತೊಗಟೆಯ ಹಿಂದೆಯೇ ಇರುತ್ತದೆ, ಚಾಕುವಿನ ತುದಿಗೆ ಸಿಗುತ್ತದೆ. ದೀಪಾವಳಿ ದಾಟಿದರೆ ಮರದೊಳಗೆ ಗೇಣುದ್ದ ಹೋಗಿರುತ್ತದೆ, ಆಗ ಅದೇ ಹುಳುವಿಗೆ ಅರ್ಧ ದಿನ ಹಿಡಿಯುತ್ತದೆ.

ಕಾಂಡಕೊರಕವೇ ಹೌದೇ?

ಎಲ್ಲ ತೂತೂ ಈ ಹುಳುವಿನದಲ್ಲ. ತಪ್ಪು ಗುರುತಿನಿಂದ ಒಳ್ಳೆಯ ಮರದ ತೊಗಟೆ ಕೆತ್ತಿಹಾಕಿದವರು ಬಹಳ.

ಕಾಂಡಕೊರಕದ ಹೊಟ್ಟು ಒರಟು. ಬೆರಳಲ್ಲಿ ಉಜ್ಜಿದರೆ ನಾರು ನಾರಾಗಿ ಸಿಗುತ್ತದೆ, ಹೊಸತಾದರೆ ತೇವ, ತಿಳಿ ಬಣ್ಣ. ಜೊತೆಗೆ ತೂತಿನಿಂದ ಕಂದು ರಸ ಸೋರುವುದುಂಟು. ಹೆಚ್ಚಾಗಿ ನೆಲದಿಂದ ಒಂದೂವರೆ ಮೀಟರಿನೊಳಗೆ, ಇಲ್ಲವೇ ದಪ್ಪ ಕೊಂಬೆಗಳ ಕವಲಿನಲ್ಲಿ, ಮಣ್ಣಿನ ಮೇಲೆ ಎದ್ದ ಬೇರಿನಲ್ಲಿ.

ಕಾಂಡದ ಮೇಲೆ ಹಿಕ್ಕೆ ಮತ್ತು ರೇಷ್ಮೆಯಂಥ ನೂಲು ಸೇರಿ ಪಟ್ಟಿಯಾಗಿ ಅಂಟಿಕೊಂಡಿದ್ದರೆ ಅದು ತೊಗಟೆ ತಿನ್ನುವ ಕಂಬಳಿಹುಳು. ಅದರ ಬಿಲ ಗಿಡ್ಡ, ಪಟ್ಟಿ ಉಜ್ಜಿ ತೆಗೆದು ತಂತಿ ಹಾಕಿದರೆ ಮುಗಿಯಿತು. ಮಣ್ಣಿನ ಕೊಳವೆ ಇದ್ದರೆ ಗೆದ್ದಲು; ಅದು ಬಹುಪಾಲು ಸತ್ತ ತೊಗಟೆಯನ್ನಷ್ಟೇ ತಿನ್ನುತ್ತಿರುತ್ತದೆ. ಗುಂಡುಸೂಜಿ ತಲೆಯಷ್ಟೇ ಸಣ್ಣ ತೂತು ಹತ್ತಾರು, ನುಣ್ಣನೆ ಬಿಳಿ ಪುಡಿ ಇದ್ದರೆ ಅದು ಬೇರೆಯೇ ಸಣ್ಣ ದುಂಬಿ. ಅದು ಬಂದಿದೆಯೆಂದರೆ ಮರಕ್ಕೆ ಬೇರಿನ ತೊಂದರೆಯೋ ಶಿಲೀಂಧ್ರ ರೋಗವೋ ಆಗಲೇ ಇದೆ ಎಂದರ್ಥ, ತಂತಿಯಿಂದ ಉಪಯೋಗವಿಲ್ಲ. ಹೊಟ್ಟೇ ಇಲ್ಲದೆ ಬರೀ ಅಂಟು ಸೋರಿದರೆ ಹುಳು ಅಲ್ಲ, ರೋಗ. ಒಣಗಿದ ಕೊಂಬೆಯಲ್ಲಿ ಅಚ್ಚುಕಟ್ಟಾದ ದುಂಡು ಬಿಲ, ಅದರ ಬಾಯಲ್ಲಿ ಕುಟ್ರುಹಕ್ಕಿಯ ಮುಖ ಕಂಡರೆ ದಯವಿಟ್ಟು ಸುಮ್ಮನಿರಿ.

ಹೊಟ್ಟಿಲ್ಲದ, ಒಂದೂವರೆ–ಎರಡು ಸೆಂಟಿಮೀಟರ್ ಅಗಲದ ದುಂಡನೆ ಖಾಲಿ ತೂತು ಕಂಡರೆ ದುಂಬಿ ಹಾರಿಹೋಗಿ ಆಗಿದೆ. ಅದರಲ್ಲಿ ತಂತಿ ಆಡಿಸುತ್ತ ಕೂರಬೇಡಿ. ಪಕ್ಕದಲ್ಲಿ ಹೊಸ ಹೊಟ್ಟು ಇದೆಯೇ ನೋಡಿ.

ಸೀಮೆಸುಣ್ಣದ ಪರೀಕ್ಷೆ

ಹುಳು ಒಳಗೆ ಬದುಕಿದೆಯೋ ಇಲ್ಲವೋ ತಿಳಿಯಲು ಯಂತ್ರ ಬೇಕಿಲ್ಲ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೂತಿನ ಬಾಯಿ ಮತ್ತು ಸುತ್ತಲಿನ ಹೊಟ್ಟೆಲ್ಲ ತೆಗೆಯಿರಿ, ಬುಡದ ನೆಲವನ್ನೂ ಗುಡಿಸಿ. ಪ್ರತಿ ತೂತಿನ ಸುತ್ತ ಸೀಮೆಸುಣ್ಣದಲ್ಲಿ ವೃತ್ತ ಎಳೆದು ತಾರೀಖು ಬರೆಯಿರಿ. ಮಳೆಯಿದ್ದರೆ ಬಣ್ಣದ ದಾರ ಕಟ್ಟಿದ ಗುಂಡುಸೂಜಿ ಚುಚ್ಚಿ. ಎರಡು–ಮೂರು ದಿನ ಬಿಟ್ಟು ನೋಡಿ. ಯಾವ ವೃತ್ತದಲ್ಲಿ ಹೊಸ ಹೊಟ್ಟು ಬಂದಿದೆಯೋ ಅಲ್ಲಿ ಮಾತ್ರ ಕೆಲಸ. ಹತ್ತು ತೂತಿರುವ ಮರದಲ್ಲಿ ಹುಳು ಎರಡೇ ಇರಬಹುದು. ಒಂದೇ ಹುಳು ಸುರಂಗದುದ್ದಕ್ಕೂ ಅಲ್ಲಲ್ಲಿ ಕಿಂಡಿ ಮಾಡಿ ಹಿಕ್ಕೆ ಹೊರಗೆ ತಳ್ಳುತ್ತದೆ.

ಹುಳು ತೆಗೆಯುವುದು

ಬೇಕಾದ ಸಾಮಾನು: ಒಂದು ಸೈಕಲ್ ಕಡ್ಡಿ, ಒಂದು ಹಳೆಯ ಸ್ಕೂಟರ್ ಕ್ಲಚ್ ಕೇಬಲಿನ ಒಳತಂತಿ, ಮುಕ್ಕಾಲು ಅಂಗುಲದ ಉಳಿ, ಸಣ್ಣ ಸುತ್ತಿಗೆ, ಹರಿತವಾದ ಚಾಕು, ಟಾರ್ಚ್, ಸೋಪಿನ ನೀರಿರುವ ಡಬ್ಬ. ಸೈಕಲ್ ಕಡ್ಡಿಯ ತುದಿಯನ್ನು ಪಕ್ಕಡಿನಿಂದ ಮೂರು ಮಿಲಿಮೀಟರಿನಷ್ಟು ಕೊಕ್ಕೆಯಾಗಿ ಬಾಗಿಸಿ, ಅರದಿಂದ ಚೂಪು ಮಾಡಿ. ಕೊಕ್ಕೆ ದೊಡ್ಡದಾದರೆ ಸುರಂಗದ ಗೋಡೆಗೆ ಸಿಕ್ಕಿ ಅಲ್ಲೇ ಮುರಿಯುತ್ತದೆ. ಕಡ್ಡಿ ನೇರ ಸುರಂಗಕ್ಕೆ. ತಿರುವಿದ್ದಲ್ಲಿ ಕ್ಲಚ್ ತಂತಿ. ಅದರ ತುದಿಯ ಎಳೆಗಳನ್ನು ಒಂದು ಸೆಂಟಿಮೀಟರ್ ಬಿಡಿಸಿ ಹೊರಕ್ಕೆ ಬಾಗಿಸಿದರೆ ಮುಳ್ಳಿನ ಬ್ರಷ್ಷಿನಂತೆ ಹುಳುವನ್ನು ಹಿಡಿಯುತ್ತದೆ.

ಹೊಸ ಹೊಟ್ಟಿನ ತೂತಿನಿಂದ ಶುರು ಮಾಡಿ. ಮೊದಲು ಒಳಗಿನ ಹೊಟ್ಟನ್ನು ಕೆದಕಿ ತೆಗೆಯಬೇಕು. ಈ ಹಂತದಲ್ಲೇ ಅವಸರ ಮಾಡುವುದು, ತಂತಿಯಿಂದ ಹೊಟ್ಟನ್ನು ಒಳಕ್ಕೆ ಗಿಡಿದು ಹುಳುವಿಗೆ ತಾವೇ ಬಾಗಿಲು ಕಟ್ಟಿಕೊಡುವುದು. ಹೊಟ್ಟು ಬಂದ ಮೇಲೆ ಟಾರ್ಚ್ ಬಿಟ್ಟು ಸುರಂಗ ಮೇಲಕ್ಕೋ ಕೆಳಕ್ಕೋ ನೋಡಿಕೊಳ್ಳಿ. ಆಮೇಲೆ ಕಡ್ಡಿಯನ್ನು ನಿಧಾನವಾಗಿ ತಿರುಗಿಸುತ್ತ ತಳ್ಳಿ. ಗಟ್ಟಿ ಮರ ತಾಗಿದರೆ ಟಕ್ ಎನ್ನುತ್ತದೆ. ಹುಳು ತಾಗಿದರೆ ಮೆತ್ತಗೆ ಒತ್ತಿದಂತೆ ಅನಿಸುತ್ತದೆ. ಅಲ್ಲಿ ಅರ್ಧ ಸುತ್ತು ತಿರುಗಿಸಿ ಎಳೆಯಿರಿ. ಇಡೀ ಹುಳು ಬರದಿದ್ದರೂ ಕಡ್ಡಿಯ ತುದಿ ಹಾಲಿನಂಥ ರಸದಿಂದ ಒದ್ದೆಯಾಗಿದ್ದರೆ ಹುಳು ಸತ್ತಂತೆಯೇ. ಒದ್ದೆಯಿಲ್ಲದಿದ್ದರೆ ತಗುಲಿಲ್ಲ.

ತೂತು ತೊಗಟೆಯಡಿಯೇ ಹೋಗಿದ್ದರೆ ಉಳಿ ಬೇಕು. ತಟ್ಟಿ ನೋಡಿ, ಟೊಳ್ಳು ಸದ್ದು ಎಲ್ಲಿಯವರೆಗಿದೆಯೋ ಅಲ್ಲಿಯವರೆಗಿನ ತೊಗಟೆ ಹೇಗೂ ಸತ್ತಿದೆ. ಅಷ್ಟನ್ನೇ ಬಿಡಿಸಿ. ಕೊಯ್ತ ಯಾವಾಗಲೂ ಮೇಲಿಂದ ಕೆಳಕ್ಕೆ, ಅಡ್ಡಕ್ಕೆ ಬೇಡ. ತೊಗಟೆಗೂ ಮರಕ್ಕೂ ನಡುವಿನ ತೆಳು ಹಸಿ ಪದರವೇ ಮರದ ಜೀವನಾಡಿ, ಎಲೆ ಮಾಡಿದ ಅಡುಗೆ ಬೇರಿಗೆ ಇಳಿಯುವುದು ತೊಗಟೆಯ ದಾರಿಯಲ್ಲೇ. ಹುಳು ಅದನ್ನು ಅಡ್ಡಡ್ಡಲಾಗಿ ಕತ್ತರಿಸುವುದರಿಂದಲೇ ಮರ ಸಾಯುವುದು; ನಾವೂ ಅಡ್ಡ ಕೆತ್ತಿದರೆ ಹುಳುವಿನ ಕೆಲಸ ಮುಗಿಸಿಕೊಟ್ಟಂತೆ. ಗಾಯದ ಅಂಚನ್ನು ಚಾಕುವಿನಿಂದ ಹಸಿರು ತೊಗಟೆ ಕಾಣುವವರೆಗೆ ನಯ ಮಾಡಿ, ಮೇಲೆ ಕೆಳಗೆ ಚೂಪಾಗಿ, ಬಾದಾಮಿ ಬೀಜದ ಆಕಾರಕ್ಕೆ ತನ್ನಿ. ನೀರು ನಿಲ್ಲುವುದಿಲ್ಲ, ಎರಡೂ ಕಡೆಯಿಂದ ಹೊಸ ತೊಗಟೆ ಬೇಗ ಕೂಡುತ್ತದೆ.

ಸಿಕ್ಕ ಹುಳುವನ್ನು ಸೋಪಿನ ನೀರಿಗೆ ಹಾಕಿ, ಅಥವಾ ಕಾಂಪೌಂಡ್ ಗೋಡೆಯ ಮೇಲಿಡಿ. ಕಾಗೆಗೆ ಅದಕ್ಕಿಂತ ಹಬ್ಬವಿಲ್ಲ.

ಬಾಟಲಿಯ ಮಾತು

ತಂತಿ ಮುಟ್ಟದ ಹುಳುವಿಗೆ ಏನು ಮಾಡುವುದು ಎಂಬುದು ಎಲ್ಲರ ಪ್ರಶ್ನೆ. ಹಳೆಯ ಕರಪತ್ರಗಳಲ್ಲೂ ವಾಟ್ಸ್‌ಆ್ಯಪ್ ಸಂದೇಶಗಳಲ್ಲೂ ಸಿಗುವ ಉತ್ತರ ಮೂರು: ತೂತಿಗೆ ಡೈಕ್ಲೋರ್ವಾಸ್ ಬಿಡಿ, ಮಾನೊಕ್ರೊಟೊಫಾಸ್ ಅದ್ದಿದ ಹತ್ತಿ ತುರುಕಿ, ಕಾಂಡಕ್ಕೆ ಕಾರ್ಬರಿಲ್ ಬಳಿಯಿರಿ. ಕಾರ್ಬರಿಲ್ 2018ರಲ್ಲೇ ನಿಷೇಧವಾಯಿತು. ಡೈಕ್ಲೋರ್ವಾಸ್, ಅಂದರೆ ನುವಾನ್ ಎಂದು ಎಲ್ಲರಿಗೂ ಗೊತ್ತಿದ್ದ ಔಷಧಿ, 2020ರ ಡಿಸೆಂಬರ್ 31ರಿಂದ ಇಲ್ಲ. ಮಾನೊಕ್ರೊಟೊಫಾಸ್‌ಗೂ ಆಮೇಲೆ ಅದೇ ಗತಿಯಾಯಿತು. ಅಂಗಡಿಯ ಹಿಂದಿನ ಕಪಾಟಿನಿಂದ ಯಾರಾದರೂ ತೆಗೆದುಕೊಟ್ಟರೂ ತರಬೇಡಿ. ಮಕ್ಕಳು ಆಡುವ, ಹಣ್ಣು ತಿನ್ನುವ ಮರ ಅದು. ಕಾಳಿಗೆ ಹಾಕುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ತೂತಿಗಿಡುವ ಸಲಹೆ ಇನ್ನೂ ಕೆಟ್ಟದ್ದು. ಅದರಿಂದ ಬರುವ ಫಾಸ್ಫೀನ್ ಅನಿಲ ಮನುಷ್ಯರನ್ನು ಕೊಲ್ಲುತ್ತದೆ, ಮನೆಬಳಕೆಗೆ ಅದನ್ನು ಮಾರುವಂತೆಯೇ ಇಲ್ಲ.

ಪೆಟ್ರೋಲ್ ಅಥವಾ ಸೀಮೆಎಣ್ಣೆ ಅದ್ದಿದ ಹತ್ತಿ? ಒಳಗೆ ಆವಿ ತುಂಬಿ ಹುಳು ಸಾಯುವುದು ನಿಜ. ಆದರೆ ಎಣ್ಣೆ ತೊಗಟೆಯ ಮೇಲೆ ಇಳಿದರೆ ಆ ಹಸಿ ಪದರವೂ ಸುಟ್ಟುಹೋಗುತ್ತದೆ. ಐದು ಮಿಲಿಲೀಟರಿಗೆ ಬದಲು ಅರ್ಧ ಲೋಟ ಸುರಿಯುವುದು ನಮ್ಮ ಜನರ ಕೈಗುಣವಾದ್ದರಿಂದ ಇದನ್ನು ಹೇಳಿಕೊಡಲು ಮನಸ್ಸಿಲ್ಲ.

ಬದಲಿಗೆ ಮಾಡಬಹುದಾದದ್ದು: ಕೀಟಗಳಿಗೆ ರೋಗ ತರುವ ಬ್ಯೂವೇರಿಯಾ ಶಿಲೀಂಧ್ರದ ಪುಡಿಯನ್ನು ಪೊಟ್ಟಣದ ಮೇಲಿನ ಪ್ರಮಾಣದಲ್ಲಿ ನೀರಿಗೆ ಕಲಸಿ, ಸೂಜಿಯಿಲ್ಲದ 20 ಮಿಲಿಲೀಟರ್ ಸಿರಿಂಜಿನಿಂದ ತೂತಿಗೆ ತುಂಬಿ ಜೇಡಿಮಣ್ಣಿನಿಂದ ಮುಚ್ಚುವುದು. ಕೀಟಗಳನ್ನು ಕೊಲ್ಲುವ ಸೂಕ್ಷ್ಮ ಜಂತುಹುಳುಗಳ ಪುಡಿಯೂ ಇದೆ. ಸುರಂಗದ ಕತ್ತಲೆ, ತೇವ ಎರಡಕ್ಕೂ ಒಗ್ಗುತ್ತದೆ. ಬಿಸಿಲು ಒಗ್ಗದು, ಹಾಗಾಗಿ ಸಂಜೆ ಐದರ ಮೇಲೆ ಹಾಕಿ. ನೆನಪಿಡಿ, ಮುಂದೆ ಹೇಳುವ ತಾಮ್ರದ ಲೇಪ ಶಿಲೀಂಧ್ರವನ್ನು ಕೊಲ್ಲುತ್ತದೆ. ಶಿಲೀಂಧ್ರ ತೂತಿನೊಳಗೆ, ಲೇಪ ಮಣ್ಣಿನ ಮುಚ್ಚಳದ ಹೊರಗೆ. ಎರಡನ್ನೂ ಒಂದೇ ಬಕೆಟ್ಟಿನಲ್ಲಿ ಕಲಸಿದರೆ ದುಡ್ಡು ದಂಡ.

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಮಾವಿನ ಕಾಂಡಕೊರಕಕ್ಕೆಂದೇ ‘ಸೀಲರ್ ಕಮ್ ಹೀಲರ್’ ಎಂಬ ಲೇಪ ರೂಪಿಸಿದೆ. ಮೂರಕ್ಕಿಂತ ಹೆಚ್ಚು ಜೀವಂತ ತೂತಿರುವ ಮರವಾದರೆ ಅಲ್ಲಿಗೋ ಲಾಲ್‌ಬಾಗಿನ ತೋಟಗಾರಿಕೆ ಇಲಾಖೆಗೋ ಒಮ್ಮೆ ಹೋಗಿ ಬನ್ನಿ. ಹೊಟ್ಟಿನ ಒಂದು ಪೊಟ್ಟಣ, ಸಿಕ್ಕಿದರೆ ಹುಳು, ತೂತಿನ ಹತ್ತಿರದ ಮತ್ತು ಇಡೀ ಮರದ ಫೋಟೋ ಜೊತೆಗಿರಲಿ. ಬರಿಗೈಲಿ ಹೋದರೆ ಬರೀ ಊಹೆಯ ಉತ್ತರ ಸಿಗುತ್ತದೆ.

ಮುಚ್ಚುವುದು, ಬಳಿಯುವುದು

ತೂತನ್ನು ಜೇಡಿಮಣ್ಣಿನಿಂದಲೇ ಮುಚ್ಚಿ. ಸಿಮೆಂಟ್, ಎಂ-ಸೀಲ್ ಬೇಡ. ಸಿಮೆಂಟ್ ಮರದ ಜೊತೆ ಹಿಗ್ಗುವುದಿಲ್ಲ, ಅಂಚಿನಲ್ಲಿ ಬಿರುಕು ಬಿಟ್ಟು ನೀರು ಇಳಿದು ಒಳಗೆ ಕೊಳೆಯುತ್ತದೆ. ಮಣ್ಣಿಗೆ ಇನ್ನೊಂದು ಗುಣವಿದೆ: ಹುಳು ಇನ್ನೂ ಬದುಕಿದ್ದರೆ ವಾರದೊಳಗೆ ಮುಚ್ಚಳವನ್ನು ತಳ್ಳಿ ಹೊಟ್ಟು ಹೊರಹಾಕುತ್ತದೆ. ಅದೇ ನಿಮ್ಮ ಎರಡನೇ ಪರೀಕ್ಷೆ.

ಗಾಯಕ್ಕೆ ಮತ್ತು ಕಾಂಡದ ಕೆಳಗಿನ ಒಂದು ಮೀಟರಿಗೆ ಬೋರ್ಡೋ ಮುಲಾಮು, ಅಂದರೆ ಆಗಲೇ ಹೇಳಿದ ತಾಮ್ರದ ಲೇಪ. ಒಂದು ಮಧ್ಯಮ ಮರಕ್ಕೆ 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಟ್ಟ ಸುಣ್ಣದ ಕಲ್ಲು, ಒಂದು ಲೀಟರ್ ನೀರು. ಪುಡಿಸುಣ್ಣವೇ ಸಿಕ್ಕಿದರೆ 130 ಗ್ರಾಂ ತೆಗೆದುಕೊಳ್ಳಿ, ಅದರಲ್ಲಿ ನೀರು ಆಗಲೇ ಸೇರಿರುತ್ತದೆ. ಮೈಲುತುತ್ತವನ್ನು ಕುಟ್ಟಿ, ಬಟ್ಟೆಯಲ್ಲಿ ಕಟ್ಟಿ, ಅರ್ಧ ಲೀಟರ್ ನೀರಿನಲ್ಲಿ ರಾತ್ರಿಯಿಡೀ ತೇಲಿಬಿಡಿ. ತಳಕ್ಕೆ ಹಾಕಿದರೆ ಬೇಗ ಕರಗುವುದಿಲ್ಲ. ಸುಣ್ಣವನ್ನು ಇನ್ನೊಂದು ಅರ್ಧ ಲೀಟರಿನಲ್ಲಿ ಅರಳಿಸಿ, ತಣ್ಣಗಾಗಲು ಬಿಟ್ಟು ಸೋಸಿ. ಅರಳುವಾಗ ಕುದಿಯುತ್ತದೆ, ಮುಖ ಹತ್ತಿರ ತರಬೇಡಿ, ಕನ್ನಡಕ ಇರಲಿ. ಎರಡಕ್ಕೂ ಪ್ಲಾಸ್ಟಿಕ್ ಅಥವಾ ಮಣ್ಣಿನ ಪಾತ್ರೆ. ಕಬ್ಬಿಣದ ಬಕೆಟ್ ಆದರೆ ತಾಮ್ರ ಅದಕ್ಕೇ ಅಂಟಿಹೋಗುತ್ತದೆ. ತಣ್ಣಗಾದ ಮೇಲೆ ಮೈಲುತುತ್ತದ ನೀರನ್ನು ಸುಣ್ಣಕ್ಕೆ ಕೋಲಿನಿಂದ ಕಲಸುತ್ತ ಸುರಿಯಿರಿ. ಹೊಳೆಯುವ ಮೊಳೆಯೊಂದನ್ನು ಒಂದು ನಿಮಿಷ ಅದ್ದಿ ನೋಡಿ: ಕೆಂಪು ಲೇಪ ಹಿಡಿದರೆ ತಾಮ್ರ ಹೆಚ್ಚಾಗಿದೆ, ತೊಗಟೆ ಸುಡುತ್ತದೆ. ಮೊಳೆ ಸ್ವಚ್ಛವಾಗಿ ಬರುವವರೆಗೆ ಸುಣ್ಣದ ನೀರು ಸೇರಿಸಿ. ಅದೇ ದಿನ ಬಳಿದು ಮುಗಿಸಿ, ಮರುದಿನಕ್ಕೆ ಇಟ್ಟದ್ದು ತೊಗಟೆಗೆ ಹಿಡಿಯುವುದಿಲ್ಲ.

ಬಳಿಯಲು ಒಳ್ಳೆಯ ಕಾಲ ಮೇ ಮೂರನೇ ವಾರ, ದುಂಬಿ ಹೊರಬೀಳುವ ಮುಂಚೆ. ಮಳೆ ತೊಳೆದಿದ್ದರೆ ಆಗಸ್ಟಿನಲ್ಲಿ ಇನ್ನೊಮ್ಮೆ. ಬಳಿಯುವ ಮುಂಚೆ ಸಡಿಲ ತೊಗಟೆಯನ್ನು ನಾರಿನ ಬ್ರಷ್ಷಿನಿಂದ ಉಜ್ಜಿ ತೆಗೆಯಿರಿ, ಏಕೆಂದರೆ ಆ ಬಿರುಕುಗಳೇ ಮೊಟ್ಟೆಯ ಜಾಗ. ಇದು ಪೂರಾ ರಕ್ಷಾಕವಚವೇನಲ್ಲ. ಆದರೆ ತಿಳಿ ಬಣ್ಣದ ಮೇಲೆ ಹೊಸ ಹೊಟ್ಟು, ಹೊಸ ತೂತು ದೂರಕ್ಕೇ ಕಾಣುತ್ತದೆ, ಅದೇ ಅರ್ಧ ಲಾಭ. ಬೀದಿ ಮರಗಳಿಗೆ ಬಳಿಯುವ ಸುಣ್ಣ-ಕೆಮ್ಮಣ್ಣಿನಿಂದಲೂ ಇಷ್ಟು ಉಪಕಾರ ಉಂಟು. ಆಯಿಲ್ ಪೇಂಟ್ ಮಾತ್ರ ಬೇಡ.

ಜೂನ್ ತಿಂಗಳಿಡೀ ಸಂಜೆ ಏಳರಿಂದ ಹತ್ತರವರೆಗೆ ಗೇಟಿನ ದೀಪದ ಸುತ್ತ ಒಮ್ಮೆ ನೋಡಿ. ದುಂಬಿ ಸಿಕ್ಕರೆ ಕತ್ತಿನ ಎರಡೂ ಬದಿ ಹಿಡಿದು ಎತ್ತಿ. ಕಿರ್ ಎಂದು ಸದ್ದು ಮಾಡುತ್ತದೆ, ವಿಷವಿಲ್ಲ, ಬೆರಳು ಬಾಯಿಗೆ ಸಿಕ್ಕರೆ ಮಾತ್ರ ಚೆನ್ನಾಗಿ ಕಚ್ಚುತ್ತದೆ.

ಹುಳುವನ್ನು ಕರೆಯುವವರು ನಾವೇ

ಚೆನ್ನಾಗಿರುವ ಮರದ ರಸ ಮರಿಹುಳುವನ್ನು ಎಷ್ಟೋ ಸಲ ಆರಂಭದಲ್ಲೇ ಮುಳುಗಿಸಿಬಿಡುತ್ತದೆ. ಗಾಯವಾದ, ಬಾಯಾರಿದ ಮರಕ್ಕೆ ಆ ಶಕ್ತಿ ಇರುವುದಿಲ್ಲ. ಬೆಂಗಳೂರಿನ ಮಾವಿನ ಗಾಯಗಳೆಲ್ಲ ನಮ್ಮವೇ: ಬುಡದವರೆಗೂ ಹಾಸಿದ ಪೇವರ್, ಚರಂಡಿಗೋ ಕೇಬಲ್ಲಿಗೋ ಕಡಿದ ಬೇರು, ಸೀರಿಯಲ್ ಲೈಟಿಗೆ ಹೊಡೆದ ಮೊಳೆ, ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರ ಪ್ರತಿ ತಿಂಗಳೂ ಬುಡಕ್ಕೆ ಕೊಡುವ ಪೆಟ್ಟು, ಮನೆ ಕಟ್ಟುವಾಗ ಕಾಂಡಕ್ಕೆ ಒರಗಿಸಿ ಸುರಿದ ಮಣ್ಣು.

ಕಾಂಡದಿಂದ ಎಲ್ಲ ದಿಕ್ಕಿಗೂ ಕನಿಷ್ಠ ಒಂದು ಮೀಟರ್ ನೆಲ ಬಿಡಿಸಿ. ಒಣ ಎಲೆಯ ಹೊದಿಕೆ ಹಾಕಿ, ಆದರೆ ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಡಿ. ನೀರು ಬುಡಕ್ಕಲ್ಲ, ಕೊಂಬೆಗಳ ನೆರಳಿನ ಅಂಚಿಗೆ. ಅಲ್ಲೇ ನೀರು ಹೀರುವ ಬೇರಿರುವುದು. ಹೂವಿಗೆ ಮುಂಚೆ ನವೆಂಬರ್, ಡಿಸೆಂಬರಿನಲ್ಲಿ ನೀರು ನಿಲ್ಲಿಸಿ, ಕಾಯಿ ಬಟಾಣಿ ಗಾತ್ರಕ್ಕೆ ಬಂದ ಮೇಲೆ ವಾರಕ್ಕೊಮ್ಮೆ ದೊಡ್ಡ ಮರಕ್ಕೆ 100–150 ಲೀಟರ್ ಕೊಡಿ. ಆರ್‌ಓ ಯಂತ್ರ ಹೊರಬಿಡುವ ನೀರು ಉಪ್ಪು ಹೆಚ್ಚಿದ್ದು, ಅದನ್ನು ಮರಕ್ಕೆ ಹಾಯಿಸುವುದು ಉಳಿತಾಯವಲ್ಲ. ಹುಳು ತೆಗೆದ ವರ್ಷ ಬಾಧೆಗೊಳಗಾದ ಕೊಂಬೆಯ ಹೂಗೊಂಚಲು ಚಿವುಟಿಹಾಕಿ. ಬಾದಾಮಿ ಮಾವಾದರೆ ಮನಸ್ಸು ಬರುವುದಿಲ್ಲ, ಗೊತ್ತು, ಆದರೂ ಚಿವುಟಿ.

ಅಂದಹಾಗೆ, ಈ ಉಳಿ-ತಂತಿಯ ಕೆಲಸವನ್ನು ತೆಂಗಿನ ಮರಕ್ಕೆ ಮಾಡಬೇಡಿ. ತೆಂಗಿಗೆ ಮಾವಿನಂತೆ ಗಾಯ ಮುಚ್ಚುವ ಪದರವಿಲ್ಲ, ಕೆತ್ತಿದ ಜಾಗ ಜನ್ಮಕ್ಕೂ ಕೂಡದು. ಹಸಿ ಗಾಯದ ವಾಸನೆಗೇ ಕೆಂಪು ಮೂತಿಹುಳು ಬರುತ್ತದೆ.

ಕೈಬಿಡಬೇಕಾದಾಗ

ಕಾಂಡದ ಸುತ್ತಳತೆಯಲ್ಲಿ ಅರ್ಧಕ್ಕಿಂತ ಹೆಚ್ಚು ತೊಗಟೆ ಸತ್ತಿದ್ದರೆ ಮರ ಉಳಿಯುವುದು ಕಷ್ಟ. ಒಂದು ಕೊಂಬೆಯಷ್ಟೇ ಹೋಗಿದ್ದರೆ ಅದರ ಬುಡದ ಉಂಗುರದಂಥ ಉಬ್ಬನ್ನು ಉಳಿಸಿ ಕತ್ತರಿಸಿ: ಮೊದಲು ಕೆಳಗಿನಿಂದ ಕಾಲುಭಾಗ, ಆಮೇಲೆ ಮೇಲಿನಿಂದ. ಇಲ್ಲದಿದ್ದರೆ ಕೊಂಬೆ ಬೀಳುವಾಗ ಕಾಂಡದ ತೊಗಟೆಯನ್ನೂ ಸುಲಿದುಕೊಂಡು ಬರುತ್ತದೆ. ಕಾಂಡವೇ ಟೊಳ್ಳಾಗಿದ್ದರೆ, ಉಳಿದ ಗಟ್ಟಿ ಗೋಡೆ ಕಾಂಡದ ತ್ರಿಜ್ಯದ ಮೂರನೇ ಒಂದಕ್ಕಿಂತ ತೆಳುವಾಗಿದ್ದರೆ, ಏಪ್ರಿಲ್-ಮೇ ಗಾಳಿಮಳೆಗೆ ಮುಂಚೆ ತೀರ್ಮಾನ ಮಾಡಿ. ಕಡಿಸುವ ಮೊದಲು ಪಾಲಿಕೆಯ ವೃಕ್ಷಾಧಿಕಾರಿಯನ್ನು ಕೇಳಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ನಿಮ್ಮ ಸೈಟಿನೊಳಗಿನ ಮರಕ್ಕೂ ಅನ್ವಯಿಸುತ್ತದೆ. ವಿದ್ಯುತ್ ತಂತಿಗೆ ತಾಗಿದ ಕೊಂಬೆಯಾದರೆ ಮೊದಲು ಬೆಸ್ಕಾಂ.

ಕಡಿದ ಮರದೊಳಗಿನ ಹುಳು ಸಾಯುವುದಿಲ್ಲ. ದಿಮ್ಮಿಯಲ್ಲೇ ಬೆಳೆದು ಮುಂದಿನ ಮುಂಗಾರಿಗೆ ದುಂಬಿಯಾಗಿ ಹೊರಬರುತ್ತದೆ. 2002ರಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಪತ್ತೆಯಾದ, ಏಷ್ಯಾದಿಂದ ಹೋದ ಹಸಿರು ದುಂಬಿಯೊಂದು ಅಲ್ಲಿ ಕೋಟಿಗಟ್ಟಲೆ ಆ್ಯಶ್ ಮರಗಳನ್ನು ಕೊಂದಿದೆ. ಅದು ಊರಿಂದೂರಿಗೆ ಹರಡಿದ್ದರಲ್ಲಿ ಜನ ವಾಹನದಲ್ಲಿ ಸಾಗಿಸಿದ ಸೌದೆಯ ಪಾಲು ದೊಡ್ಡದು. ಹಾಗಾಗಿ ಹುಳುಬಿದ್ದ ದಿಮ್ಮಿಯನ್ನು ಊರಿನ ತೋಟಕ್ಕೆ ಸೌದೆಯೆಂದು ಟೆಂಪೋದಲ್ಲಿ ಕಳಿಸಬೇಡಿ. ನಗರದಲ್ಲಿ ಬಯಲಲ್ಲಿ ಸುಡುವಂತೆಯೂ ಇಲ್ಲ. ತೊಗಟೆ ಸುಲಿಸಿ, ಎರಡು-ಮೂರು ಅಂಗುಲದ ಸೀಳುಗಳಾಗಿ ಒಡೆಸಿ, ಕಂಡ ಹುಳುವನ್ನೆಲ್ಲ ಹೆಕ್ಕಿ, ಸೀಳುಗಳನ್ನು ಬಿಸಿಲಿಗೆ ಹರಡಿ. ಸೌದೆ ಒಲೆ ಉರಿಸುವ ಬೇಕರಿಯೋ ಹೋಟೆಲೋ ಹತ್ತಿರವಿದ್ದರೆ ಅವರಿಗೇ ಕೊಡಿ. ಮೇ ತಿಂಗಳು ಬರುವಷ್ಟರಲ್ಲಿ ಕಾಂಪೌಂಡಿನಲ್ಲಿ ಒಂದು ತುಂಡೂ ಉಳಿದಿರಬಾರದು.